ಹಗ್ಗದ ಇನ್ನೊಂದು ತುದಿ

ಝೊಂಬಾ ಬೆಟ್ಟದ ಬುಡದಲ್ಲಿ, ಕಾಲೇಜಿನ ಹಿಂದೆ,
ಸೈಕಲ್ ನಿಲ್ಲಿಸುವ ಶೆಡ್ಡಿಗೆ ಸುಣ್ಣ ಬಳಿದು
ಮೂರು ಬೆಂಚು ಹಾಕಿ
‘ಉಚಿತ ಕಾನೂನು ಕೇಂದ್ರ’ ಎಂದು ಹಲಗೆ ಬರೆಸಿದರು.
ಬೀಗದ ಕೈ ನನ್ನ ಸೊಂಟದ ಬಟ್ಟೆಯ ಗಂಟಿನಲ್ಲಿ.
ಗುಡಿಸುವವಳು ನಾನು. ಆಮೇಲೆ ತಿಳಿಯಿತು,
ದುಭಾಷಿಯೂ ನಾನೇ:
ಬಡಗಣ ಗುಡ್ಡಗಳಿಂದ ಓದಲು ಬಂದ ಮಕ್ಕಳಿಗೆ
ನಮ್ಮ ಯಾವೋ ಮಾತು ಒಂದಕ್ಷರ ಬಾರದು.
ಎಷ್ಟು ಬಳಿದರೂ ಆ ಗೋಡೆಯಿಂದ
ಚೈನಿನ ಎಣ್ಣೆಯ ವಾಸನೆ ಹೋಗಲಿಲ್ಲ.

ಮೊದಲ ಸೋಮವಾರ ಬಂದವಳು ಅಬಿಟಿ ಮಪಿರಾ.
ಸರೋವರದ ದಡದಿಂದ ಒಣಮೀನಿನ ಲಾರಿ ಹತ್ತಿ,
ಒಂದು ಕಾಲಿಗೆ ಮಾತ್ರ ಚಪ್ಪಲಿ.
ಮೊಮ್ಮಗ ಬ್ವಾನಾಲಿ. ಕದ್ದನೆನ್ನುವುದು ಒಂದು ಸೈಕಲ್ಲು.
ಒಳಗಿಟ್ಟ ಮೇಲೆ ಮೆಕ್ಕೆಜೋಳದ ಸುಗ್ಗಿ
ಎರಡು ಕಳೆದು ಮೂರನೆಯದು ತೆನೆಗಟ್ಟಿದೆ,
ಮ್ಯಾಜಿಸ್ಟ್ರೇಟರ ಮುಖ ಒಮ್ಮೆಯೂ ಕಂಡಿಲ್ಲ ಹುಡುಗ.

ಎದುರಿಗೆ ಕೂತಿದ್ದು ಲುಸುಂಗು, ಮೂರನೆಯ ವರ್ಷ,
ಇಸ್ತ್ರಿ ಅಂಗಿ, ಹೊಸ ಪೆನ್ನು.
ಕಲಮು ಹೇಳಿದಳು, ಅದರ ಉಪಕಲಮು ಹೇಳಿದಳು.
ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.
ಅಜ್ಜಿಯೇ ಕೇಳಿದಳು:
‘ಅಲ್ಲಿ ದಿನಕ್ಕೆ ಎಷ್ಟು ಸಲ ಉಣ್ಣುತ್ತಾನೆ?’
ಹುಡುಗಿ ನನ್ನ ನೋಡಿದಳು, ನಾನು ಚಿಸಾಲೆ ಮೇಷ್ಟ್ರನ್ನು ನೋಡಿದೆ.
‘ಅದನ್ನೇ ಮೊದಲು ಬರಕೋ’ ಅಂದರು ಅವರು,
‘ನಿನಗೆ ಗೊತ್ತಿಲ್ಲ ಅನ್ನುವುದನ್ನೂ ಬರಕೋ.’

ಜಾಮೀನು ಎಂಬುದಕ್ಕೆ ಪೇಟೆಯವರದೊಂದು ಮಾತಿದೆ,
ಅಜ್ಜಿ ಅದನ್ನು ಕೇಳಿದವಳಲ್ಲ.
ನಾನೆಂದೆ: ಆಡನ್ನು ಬಿಟ್ಟುಬಿಡುವುದಿಲ್ಲ ಅಬಿಟಿ,
ಹಗ್ಗ ಉದ್ದ ಮಾಡುತ್ತಾರೆ, ನಿನ್ನ ಮನೆತನಕ.
ಗೂಟ ಕೋರ್ಟಿನ ಅಂಗಳದಲ್ಲೇ.
ಎಳೆದ ದಿನ ಬರಬೇಕು.
ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು,
‘ಹಗ್ಗದ ಇನ್ನೊಂದು ತುದಿ ಯಾರ ಕೈಲಿ?’

ಲುಸುಂಗು ಪೆನ್ನು ಕೆಳಗಿಟ್ಟಳು.

ಕಡತವೇ ಇರಲಿಲ್ಲ. ಕೋರ್ಟಿನಲ್ಲಿದೆ ಎಂದರು ಪೊಲೀಸರು,
ಪೊಲೀಸರಲ್ಲಿದೆ ಎಂದರು ಕೋರ್ಟಿನವರು.
ಒಂಬತ್ತು ಶುಕ್ರವಾರ ಹುಡುಗಿ ಮಿನಿಬಸ್ಸಿನಲ್ಲಿ
ಕೋಳಿಬುಟ್ಟಿಗಳ ನಡುವೆ ಕೂತು ಹೋಗಿಬಂದಳು.
ಅಂಗಿಯ ಇಸ್ತ್ರಿ ಎರಡನೆಯ ವಾರಕ್ಕೇ ಹೋಗಿತ್ತು.
ಗುಮಾಸ್ತನ ಮಂಡಿನೋವು, ಅವನ ಮಗಳ ಮದುವೆ,
ಅವನು ಚಹಾಕ್ಕೆ ಏಳುವ ಗಳಿಗೆ, ಎಲ್ಲ ಕಲಿತಳು.
ಹತ್ತನೆಯ ಶುಕ್ರವಾರ ಅವನೇ ಎದ್ದು ಏಣಿ ಹಾಕಿದ.
ಗೆದ್ದಲು ತಿಂದ ಕಟ್ಟಿನೊಳಗೆ ಬ್ವಾನಾಲಿ ಇಲ್ಲ,
‘ಬನಾನಿ’ ಎಂದೊಬ್ಬನಿದ್ದ.
ಅದೇ ಊರು, ಅದೇ ಸೈಕಲ್ಲು, ಹಸಿರು ಬಣ್ಣ, ಬೆಲ್ಲಿಲ್ಲ.
ಯಾರದೋ ಕೈಯಲ್ಲಿ ಅಕ್ಷರ ಜಾರಿದ್ದಕ್ಕೆ
ಮೂರು ಸುಗ್ಗಿ.

ಓದುವ ಮಕ್ಕಳು ಕೋರ್ಟಿನಲ್ಲಿ ಮಾತಾಡುವಂತಿಲ್ಲ.
ಮೇಷ್ಟ್ರು ನಿಂತು ಓದಿದರು, ಅವಳ ಕೈಬರಹ.
ಒಂದು ಕಡೆ ಅವರು ತಡವರಿಸಿದಾಗ
ಹಿಂದಿನ ಬೆಂಚಿನಲ್ಲಿ ಅವಳ ತುಟಿ ಅಲ್ಲಾಡಿತು.
‘ಹೊಣೆ ಯಾರು?’ ಎಂದರು ಮ್ಯಾಜಿಸ್ಟ್ರೇಟರು.
ಅಬಿಟಿ ಎದ್ದಳು. ಈ ಸಲ ಎರಡೂ ಕಾಲಿಗೆ ಚಪ್ಪಲಿ,
ಒಂದೊಂದು ಒಂದೊಂದು ಬಣ್ಣ.
ನನ್ನ ತರ್ಜುಮೆಗೆ ಕಾಯದೆ
ಬಲಗೈ ಮುಷ್ಟಿ ಬಿಗಿದು ಮುಂದಕ್ಕೆ ಚಾಚಿದಳು.
‘ಏನು ಮಾಡುತ್ತಿದ್ದಾಳೆ ಈಕೆ?’
ಹಗ್ಗ ಹಿಡಿದಿದ್ದಾಳೆ ಸ್ವಾಮಿ, ಅಂದೆ.

ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.
ಅದು ಇನ್ನೂ ನಡೆಯಬೇಕಾದ ಮಾತು.
ನನಗೆ ಗೊತ್ತಿರುವುದು ಸೋಮವಾರ:
ಬೀಗ ತೆಗೆಯುವ ಮೊದಲೇ ಜಗಲಿಯಲ್ಲಿ ಹನ್ನೊಂದು ಜನ,
ಒಳಗೆ ಹೊಸ ಹುಡುಗ, ಹೊಸ ಪೆನ್ನು.
ಲುಸುಂಗು ಅವನಿಗೆ ಹೇಳಿಕೊಡುತ್ತಾಳೆ,
ಉಂಡಿರಾ ಎಂದು ಯಾವೋದಲ್ಲಿ ಹೇಗೆ ಕೇಳುವುದು.
ಅವಳು ಹೇಳುವುದೇ ತಪ್ಪು.
ಹೊರಗಿನ ಮುದುಕಿಯರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಾರೆ.
ತಿದ್ದಬಹುದಿತ್ತು ನಾನು.
ಪೊರಕೆ ಹುಡುಕಿದೆ.