ಎಷ್ಟಿದೆ?

ನನ್ನ ಗಂಡ ಡೆಲ್ಮರ್ ಕೌಂಟಿಯ ಉಪ್ಪಿನ ಲಾರಿ ಓಡಿಸುತ್ತಾನೆ.
ರಸ್ತೆ ಹೆಪ್ಪುಗಟ್ಟುವ ರಾತ್ರಿಗಳೆಲ್ಲ ಅವನವು.
ಕಿತ್ತಳೆ ಗಿಡ ಸಾಯಬಹುದಾದ ರಾತ್ರಿಗಳೂ ಅವೇ.
ಹೀಗಾಗಿ, ಬೇಡವೆಂದವಳ ಕೊರಳಿಗೇ ಬಿತ್ತು ಗಿಡ.

ಟೆನೆಸ್ಸಿಯಲ್ಲಿ ಕಿತ್ತಳೆಯೇ ಎಂದು ನಕ್ಕಿದ್ದೆ.
ಅಲಬಾಮದಿಂದ ಮುಂದಿನ ಸೀಟಿನಲ್ಲಿ ಕೂರಿಸಿ
ಬೆಲ್ಟು ಬಿಗಿದು ತಂದಿದ್ದ,
ಮದುವೆಯಾದ ಹೊಸದರಲ್ಲಿ ನನಗೂ ಬಿಗಿದವನಲ್ಲ.
"ಸತ್ಸುಮ," ಎಂದ, "ಚಳಿ ತಡೆಯುವ ಜಾತಿ."
ತಡೆಯುವುದು ಎಂದರೆ ಎಷ್ಟು ಎಂದು
ನರ್ಸರಿಯವನೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ.

ದಕ್ಷಿಣದ ಇಟ್ಟಿಗೆ ಗೋಡೆಗೆ ಬೆನ್ನು ಕೊಟ್ಟು ನೆಟ್ಟ.
ಪಕ್ಕದಲ್ಲಿ ಕಪ್ಪು ಬಳಿದ ಎರಡು ಪೀಪಾಯಿ ನೀರು:
ಹಗಲು ಕುಡಿದ ಬಿಸಿಲನ್ನು ಇರುಳು ಉಗುಳಲಿ ಎಂದು.
ಕೊಂಬೆಗೆ ಹಳೇ ಕ್ರಿಸ್‌ಮಸ್ ದೀಪದ ಸರ.
ಹೊಸವು ಬೆಳಗುತ್ತವೆ, ಬೆಚ್ಚಗಾಗುವುದಿಲ್ಲ;
ಕೈ ಸುಡುವ ಹಳೇ ಬಲ್ಬಿಗಾಗಿ
ಸತ್ತವರ ಮನೆ ಸಾಮಾನು ಮಾರುವಲ್ಲೆಲ್ಲ ಅಲೆದ.
ಜನವರಿ ಮುಗಿದರೂ ನಮ್ಮಲ್ಲಿ ಹಬ್ಬ ಮುಗಿಯಲಿಲ್ಲವೆಂದು
ಎದುರುಮನೆಯ ವರ್ನೀಸ್ ಚರ್ಚಿನಲ್ಲಿ ಹೇಳಿಕೊಂಡು ಬಂದಳು.

ರಾತ್ರಿ ಎರಡಕ್ಕೆ ಫೋನು.
ಉಂಡೆಯಾ, ಮಲಗಿದೆಯಾ, ಊಹೂಂ.
"ಎಷ್ಟಿದೆ?"
ಚಪ್ಪಲಿಯಲ್ಲೇ ಹೋಗಿ, ಟಾರ್ಚ್ ಹಿಡಿದು
ಗೋಡೆಯ ಥರ್ಮಾಮೀಟರ್ ಓದಬೇಕು.
ನಮ್ಮ ಲೆಕ್ಕದಲ್ಲಿ ಮೂವತ್ತೆರಡಕ್ಕೆ ನೀರು ಕಲ್ಲು.
"ಇಪ್ಪತ್ತಾರು." "ದೀಪ ಹಾಕು."
"ಇಪ್ಪತ್ತು." "ಹೊದಿಕೆ ಹೊದಿಸು."
ಒಂಬತ್ತು ಚಳಿಗಾಲ ನಮ್ಮ ಸಂಸಾರ ನಡೆದದ್ದು
ಹೆಚ್ಚೂಕಮ್ಮಿ ಅಂಕಿಗಳಲ್ಲಿ.

ಹಣ್ಣು ಬಿಟ್ಟಿತು, ಸುಳ್ಳೇಕೆ. ಏಳನೇ ವರ್ಷ ನಲವತ್ತೊಂದು.
ಸಡಿಲ ಸಿಪ್ಪೆ, ಮಗುವಿನ ಸ್ವೆಟರಿನಂತೆ ಕಳಚಿ ಬರುತ್ತಿತ್ತು.
ವರ್ನೀಸ್‌ಗೆ ಆರು ಕೊಟ್ಟೆ.
ಆ ಭಾನುವಾರ ಚರ್ಚಿನಲ್ಲಿ ಸುದ್ದಿಯಿಲ್ಲ.

ಹತ್ತನೆಯ ಡಿಸೆಂಬರು.
ಊರಿಗೂರೇ ಹೀಟರ್ ಹಚ್ಚಿ ಕೂತಾಗ ಕರೆಂಟು ಹೋಯಿತು.
ದೀಪದ ಸರ ಕಪ್ಪಾಯಿತು, ಗಿಡ ಒಮ್ಮೆಗೇ ಚಿಕ್ಕದಾಯಿತು.
"ಎಷ್ಟಿದೆ?"
"ನಾಲ್ಕು."
ಆ ಕಡೆ ಮಾತಿಲ್ಲ. ವೈಪರ್ ಮಾತ್ರ ಅತ್ತಿಂದಿತ್ತ.
"ಬಿಡು," ಎಂದ ಕೊನೆಗೆ, "ನೀನು ಒಳಗೆ ಹೋಗು."
ಹೋದೆ. ಅಮ್ಮನ ಕೌದಿ ತಂದೆ.
ಅಪ್ಪನ ಅಂಗಿ, ನನ್ನ ಶಾಲೆಯ ಲಂಗ, ಹಿಟ್ಟಿನ ಚೀಲ
ತುಂಡುತುಂಡಾಗಿ ಕೂಡಿ ಬಾಳುತ್ತಿದ್ದ ಕೌದಿ,
ನನ್ನ ಹಾಸಿಗೆಗೂ ಹಾಸದೆ ಇಟ್ಟದ್ದು.
ನೀರು ಕಾಯಿಸಿ ಜಾಡಿಗಳಲ್ಲಿ ತುಂಬಿ
ಬುಡದ ಸುತ್ತ ಇಟ್ಟೆ, ಆರಿದಂತೆಲ್ಲ ಬದಲಿಸಿದೆ,
ಬೆಳಗಾಗುವವರೆಗೆ, ಬಾಣಂತಿಯ ಕೋಣೆಗೆ ಓಡಾಡುವ ಹಾಗೆ.
ಅವನಿಗೆ ಇದನ್ನು ಹೇಳಲಿಲ್ಲ.
ಕೌದಿಯ ಮೇಲಿನ ಮಣ್ಣು ಹೇಳಿರಬೇಕು.

ಉಳಿಯಲಿಲ್ಲ.
ಫೆಬ್ರುವರಿಯಲ್ಲಿ ಉಗುರಿನಿಂದ ತೊಗಟೆ ಕೆರೆದು ನೋಡಿದ:
ಕಂದು, ಕಂದು, ಇನ್ನೂ ಕೆಳಗೆ ಕಂದು.

ಮೇ ತಿಂಗಳಲ್ಲಿ ಮೊದಲು ಕಂಡವಳು ನಾನು:
ಕಸಿ ಕಟ್ಟಿದ ಗಂಟಿನ ಕೆಳಗಿಂದ ಒಂದು ಚಿಗುರು.
ತೊಟ್ಟಿಗೆ ಮೂರು ಎಲೆ, ಬೆರಳುದ್ದ ಮುಳ್ಳು.
"ಇದು ನಮ್ಮದಲ್ಲ," ಎಂದ ಡೆಲ್ಮರ್, "ಬೇರಿನದು. ಕಾಡುಜಾತಿ.
ಸಿಹಿಯನ್ನು ಹೊರಲೆಂದು ಕೆಳಗಿಟ್ಟದ್ದು."
ಗರಗಸ ತಂದಿದ್ದ.
ಇರಲಿ ಎಂದೆ. ಏಕೆ ಎಂದ.
ಬಟ್ಟೆ ಒಣಹಾಕುತ್ತಿದ್ದೆ; ಬಾಯಲ್ಲಿ ಕ್ಲಿಪ್ಪಿತ್ತು.

ಈಗ ನನಗಿಂತ ಎತ್ತರ. ಚಳಿಗೆ ಎಲೆ ಉದುರಿಸಿ ನಿಲ್ಲುತ್ತದೆ,
ಬರೀ ಹಸಿರು ಮುಳ್ಳು. ದೀಪ ಕೇಳುವುದಿಲ್ಲ, ಹೊದಿಕೆ ಕೇಳುವುದಿಲ್ಲ.
ಹಣ್ಣಿನ ಮೈಗೆ ನವಿರು ರೋಮ, ಒಳಗೆಲ್ಲ ಬೀಜ,
ಕಹಿ ಎಂದರೆ ಕಿವಿಯವರೆಗೂ ಕಹಿ.
ಪರಿಮಳ ಮಾತ್ರ ಕೈ ತೊಳೆದರೂ ಸಂಜೆಯವರೆಗೆ.
ಒಂದಕ್ಕೆರಡು ಸಕ್ಕರೆ ಸುರಿದು ಮುರಬ್ಬ ಮಾಡಿದೆ.
ವರ್ನೀಸ್ ಶೀಶೆ ತೊಳೆದು ಹಿಂದಿರುಗಿಸಿದಳು, ಬಹಳ ಬೇಗ.

ನಿನ್ನೆ ರಾತ್ರಿ ಎರಡಕ್ಕೆ ಫೋನು.
"ಎಷ್ಟಿದೆ?"
ಎಷ್ಟಿದ್ದರೇನು ಇನ್ನು, ಅವನಿಗೂ ಗೊತ್ತು.
ಆದರೂ ಟಾರ್ಚ್ ಹಿಡಿದು ಹೋದೆ.
ಮುಳ್ಳಿನ ತುದಿತುದಿಗೂ ಹೆಪ್ಪಾದ ಹನಿ.
"ಹನ್ನೊಂದು," ಎಂದೆ.
"ಹೂಂ," ಎಂದ.
ಇಬ್ಬರೂ ಫೋನು ಇಡಲಿಲ್ಲ.
ಅವನ ಹಿಂದೆ, ಕತ್ತಲ ರಸ್ತೆಗೆ
ಉಪ್ಪು ಬೀಳುವ ಸದ್ದು.