ಎರಡನೆಯ ಗಾಜು

ಬ್ಯಾಲರಾಟ್, ಜುಲೈ. ಹೊರಗೆ ಕೊರೆವ ಗಾಳಿ.
ಮರ್ಲ್ ಟ್ರೆಝೀಸ್, ಎಪ್ಪತ್ತೊಂದು. ಮೇಲ್ರೆಪ್ಪೆಯಲ್ಲಿ
ವರ್ಷವಾದರೂ ಹಣ್ಣಾಗದ ಕುಟಿಕೆ;
ಬಿಸಿಬಟ್ಟೆ ಒತ್ತಿ ಒತ್ತಿ ಸಾಕಾಗಿದೆಯಂತೆ.

ಗುಂಡಿ ಹೊಲಿಯುವುದಕ್ಕಿಂತ ಸಪೂರ ಸೂಜಿ. ಡಾಕ್ಟರು
ಒಳಗೇ ನಾಲ್ಕು ಸಲ ಆಡಿಸಿ ತೆಗೆದರು.
"ಸ್ಕೂಲ್ ಬಸ್ ಓಡಿಸಿದವಳು ನಾನು," ಅಂದಳಾಕೆ,
"ಕಣ್ಣು ಮಿಟುಕಿಸದೆ ಇರೋದು ಗೊತ್ತು."

ನನ್ನದು ಮೂಲೆಯ ಟ್ರಾಲಿ, ಸೂಕ್ಷ್ಮದರ್ಶಕ, ಮೂರು ಜಾಡಿ.
ಗಾಜಿಗೆ ಸವರಿ, ಗಾಳಿಗೆ ಆರಿಸಿ,
ಅದ್ದಿ, ಅದ್ದಿ, ಅದ್ದಿ
ನೋಡಿದರೆ
ಬರೀ ರಕ್ತ. ಒಂದು ಎವೆಗೂದಲು, ಮರದ ದಿಮ್ಮಿಯಷ್ಟು.

"ಇನ್ನೊಂದು ಸಲ" ಅನ್ನುವುದು ನನ್ನ ಪಾಲಿಗೆ ಬಂತು.
ಬೈಯಲಿಲ್ಲ. ಗಂಡನ ತುಟಿಯಿಂದ ಮೀನಿನ ಗಾಳ
ಕಿತ್ತ ಕಥೆ ಹೇಳುತ್ತಲೇ ರೆಪ್ಪೆ ಒಡ್ಡಿದಳು.

ಎರಡನೆಯ ಗಾಜಲ್ಲಿ ಅವು ಇದ್ದವು:
ನೊರೆ ತುಂಬಿದ ಮೈ, ಒಂದರ ಮೇಲೊಂದು ಬಿದ್ದು,
ನಡುಬೀಜ ಮಿತಿಮೀರಿ ಬಲಿತು.
ಕುಟಿಕೆಯಲ್ಲ.

ರೆಪ್ಪೆ ಕಣ್ಣನ್ನು ಕಾದ ಹಾಗೆ ಅನ್ನುತ್ತೇವಲ್ಲ,
ರೆಪ್ಪೆಗೇ ಬಂದರೆ ಯಾರು—
ಡಾಕ್ಟರು ನನ್ನತ್ತ ನೋಡಿದರು. ನಾನು
ಆಗಲೇ ಸ್ಪಷ್ಟವಿದ್ದುದಕ್ಕೆ ಮತ್ತೆ ಫೋಕಸ್ ತಿರುವಿದೆ.

ಮರ್ಲ್ ಒಂದು ಕಣ್ಣಿಗೆ ಹತ್ತಿ ಒತ್ತಿ ಹಿಡಿದು
ಇನ್ನೊಂದರಿಂದ ನನ್ನನ್ನೇ ಓದುತ್ತಿದ್ದಳು,
ಬಣ್ಣವಿಲ್ಲದೆ, ಗಾಜಿಲ್ಲದೆ.
"ಹೇಳಮ್ಮ," ಅಂದಳು, "ಪಾರ್ಕಿಂಗ್ ಮೂರು ಗಂಟೆವರೆಗೆ ಮಾತ್ರ."