ಐದನೇ ಸಾಲು

ಕಲಬುರಗಿ ಕೋರ್ಟಿನ ಗೇಟಿಗೆ ಹತ್ತಿ,
ಬೇವಿನ ಗಿಡದ ಬುಡಕ್ಕ ನನ್ನ ತಗಡಿನ ಶೆಡ್ಡು.
ಹದಿನೇಳು ವರ್ಷ ಮಂದಿ ದಿವಾಳಿ ಟೈಪ್ ಮಾಡೀನಿ,
ಪುಟಕ್ಕ ಮೂವತ್ತು ರೂಪಾಯಿ.
‘ಐ.ಪಿ. ಹಾಕ್ತೀನ್ರಿ ಜಗದೇವಿಬಾಯಿ’ ಅಂತ ಬಂದವರಿಗೆ
ಮೊದಲು ನೀರು ಕೊಟ್ಟೀನಿ,
ಆಮ್ಯಾಲ ಹೆಸರು, ತಂದಿ ಹೆಸರು, ವಯಸ್ಸು, ಸಾಕಿನ್.

ಇವತ್ತು ಮಧ್ಯಾಹ್ನ
ನನ್ನದೇ ಹೆಸರು ಹೊಡೀಲಿಕ್ಕತ್ತಿದ್ದೆ.

ನಾಕು ಕಾರ್ಡು. ಮೊದಲನೇದು ಪ್ರಿಂಟರಿಗೆ.
ಎರಡನೇದು ಅವ್ವನ ಮೊಣಕಾಲಿಗೆ, ಸೋಲಾಪುರದಾಗ.
ಮೂರನೇದು ಎರಡನೇದರ ಬಾಯಿ ಮುಚ್ಚಲಿಕ್ಕ.
ನಾಕನೇದು ಯಾಕ ತಗೊಂಡೆ ಅಂತ
ಜಡ್ಜ್ ಸಾಹೇಬ್ರು ಕೇಳಿದರ ಹೇಳಲಿಕ್ಕ ಬರಂಗಿಲ್ಲ:
ಒಬ್ಬ ಹುಡುಗ ಬಂದಿದ್ದ, ಬಿಸಿಲಾಗ, ಟೈ ಕಟಗೊಂಡು.
ಅವನ ಟಾರ್ಗೆಟ್ ಒಂದು ಕಡಿಮಿ ಬಿದ್ದಿತ್ತು.

ಒಟ್ಟು ನಾಕು ಲಕ್ಷ ಹನ್ನೊಂದು ಸಾವಿರ.
ಕೋರ್ಟಿಗೆ ಬ್ಯಾಸಗಿ ರಜಾ ಇರತದ, ಬಡ್ಡಿಗಿಲ್ಲ.

ಡ್ರಾಯರಿನಾಗ ಇನ್ನೊಂದು ಕಾಗದ ಅದ.
ಸಲಹಾ ಕೇಂದ್ರದ ಹೆಣ್ಣಮಗಳು ಬ್ಯಾಂಕಿನವರ ಜೋಡಿ ಮಾತಾಡಿ
ದಂಡ ಬಿಡಿಸಿ, ಬಡ್ಡಿ ಇಳಿಸಿ, ಒಂದೇ ಕಿಸ್ತು ಮಾಡ್ಯಾಳ:
ತಿಂಗಳಿಗೆ ಏಳು ಸಾವಿರದ ಎಂಟುನೂರು, ಐದು ವರ್ಷ.
ಕಾರ್ಡು ನಾಕೂ ಕತ್ತರಿಸಿ ಒಯ್ಯಬೇಕಂತ.
ಇನ್ನೂರಾ ಅರವತ್ತು ಪುಟ, ಪ್ರತಿ ತಿಂಗಳು,
ಉಣ್ಣೂಕಿಂತ ಮೊದಲು.

ಐ.ಪಿ. ಸಸ್ತಾ. ಕಾಯ್ದೆ ಅಷ್ಟೇನು ಕೆಟ್ಟದ್ದಲ್ಲ,
ಅಡಿಗಿ ಭಾಂಡಿ, ಹಾಸಿಗಿ, ತಾಳಿ ಮುಟ್ಟಂಗಿಲ್ಲ,
ದುಡಿಯೂ ಸಾಮಾನು ಬಿಡತದ.
ನಾಚಿಕಿ? ನಾಚಿಕಿಗೆ ಕಾಲಂ ಇಲ್ಲ.
ಪಾಪರ್ ಆದವರು ಮರುವಾರ
ಜೋಳದ ಡಬ್ಬಿ ಹಿಡಕೊಂಡು ನಿಂತದ್ದು ನೋಡೀನಿ,
ಗಿರಣಿ ಅವರನ್ನ ಏನೂ ಕೇಳಲಿಲ್ಲ.

ಆದರ ಪಟ್ಟಿ ಪೂರಾ ಇರಬೇಕು.
ಒಂದು ಸಾಲ ಮುಚ್ಚಿಟ್ಟರೂ ಅರ್ಜಿ ಸುಳ್ಳು,
ಎಷ್ಟು ಮಂದಿಗೆ ನಾನೇ ಹೇಳೀನಿ, ಕನ್ನಡಕ ಏರಿಸಿ.
ಒಂದು, ಎರಡು, ಮೂರು, ನಾಕು: ಬ್ಯಾಂಕು.
ಐದು: ಖುರ್ಷೀದಬಿ, ಗಂಡ ಮಹಬೂಬಸಾಬ, ಚಾ ಅಂಗಡಿ.
ಒಂಬತ್ತು ಸಾವಿರ. ಕೈಗಡ. ಕಾಗದ ಇಲ್ಲ.
ರೂಪಾಯಿಗೆ ನಾಕಾಣೆ ಸಿಕ್ಕರ ಅಕಿ ಪುಣ್ಯ.

‘ಖು’ ಹೊಡೆದೆ.
ಕರೆಂಟ್ ಹೋತು.
ಅವ್ವ ಕೇಳಿದರ ದೇವರು ತಡದ ಅಂತಾಳ.
ತಡದದ್ದು ಜೆಸ್ಕಾಂ.

ಕಪ್ಪಾದ ಸ್ಕ್ರೀನಿನಾಗ ನನ್ನ ಮಾರಿ,
ಅದರ ಹಿಂದ ಅಕಿ, ಕೇಳದೇ ತಂದ ಅರ್ಧ ಚಾ.
‘ಯಾರ ಅರ್ಜಿ, ಬಾಯಿ?’
‘ಒಬ್ಬಾಕಿದು. ಬ್ಯಾಡ ಅಂದಳು.’

ಅಕಿ ಹೋದ ಮ್ಯಾಲ ಕತ್ತರಿ ಹುಡುಕಿದೆ.
ಕಾಗದಕ್ಕಷ್ಟೇ ಗೊತ್ತಿರೂ ಕತ್ತರಿ, ಮೊಂಡ.
ಮೊದಲನೇ ಕಾರ್ಡು ಬಾಗಿತು,
ತುಂಡಾಗಲಿಲ್ಲ.